ನಿದ್ದೆಗಣ್ಣಿನ ಹೂಂ

ಒಂದು ಕಾಡಿನಲ್ಲಿ ಎರಡು ಕೇರಿಗಳಿದ್ದವು. ಗುಡ್ಡದ ಮೇಲಿನದು ದಿಬ್ಬದ ಕೇರಿ, ಹೊಳೆಯ ಪಕ್ಕದ್ದು ಹೊಳೆಕೇರಿ. ಎರಡಕ್ಕೂ ಸೇರಿ ಒಂದೇ ಸಭೆ. ಮುದುಕ ಕಾಡುಕೋಣ ಆ ಸಭೆಯ ಯಜಮಾನ. ಎಲ್ಲರೂ ಅವನನ್ನು ಕೋಣಜ್ಜ ಎನ್ನುತ್ತಿದ್ದರು. ಅಜ್ಜನಿಗೆ ಕಿವಿ ಸ್ವಲ್ಪ ಮಂದ. ದಿಬ್ಬದ ಕೇರಿಯ ಪರವಾಗಿ ನರಿಯಣ್ಣ ಮಾತಾಡುತ್ತಿದ್ದ. ಹೊಳೆಕೇರಿಯ ಪರವಾಗಿ ಮುಳ್ಳವ್ವ ಎಂಬ ಮುಳ್ಳುಹಂದಿ ಬರುತ್ತಿದ್ದಳು.

ಆ ಕಾಡಿನ ಬೊಕ್ಕಸದಲ್ಲಿ ಇದ್ದ ಸೊತ್ತು ಒಂದೇ. ಅದು ಆನೆಯಕ್ಕನ ಒಂದು ದಿನದ ದುಡಿಮೆ. ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮೊದಲು, ಅವಳು ಒಂದು ದಿನ ಎಲ್ಲರಿಗಾಗಿ ಕೆಲಸ ಮಾಡಿಕೊಡುತ್ತಿದ್ದಳು. ಯಾವ ಕೆಲಸ ಎಂದು ಸಭೆ ತೀರ್ಮಾನಿಸಬೇಕು. ಅದಕ್ಕೆ ಎರಡೂ ಕೇರಿಯವರು "ಹೂಂ" ಅನ್ನಬೇಕು. ಮೊದಲ ಸಭೆಯಲ್ಲಿ ಅಂದದ್ದು ಹಸಿ ಹೂಂ, ಅದನ್ನು ಬದಲಿಸಬಹುದು. ಎರಡನೆಯ ಸಭೆಯಲ್ಲಿ ಅಂದದ್ದು ಗಟ್ಟಿ ಹೂಂ. ಅದು ಬಿದ್ದ ಕೂಡಲೇ ಕೋಣಜ್ಜ ಗೊರಸು ಕುಟ್ಟುತ್ತಿದ್ದ. ಆಮೇಲೆ ಬಾಯಿ ಬಾಯಿ ಬಡಿದುಕೊಂಡರೂ ಪ್ರಯೋಜನವಿಲ್ಲ.

ಆ ವರ್ಷ ಮುಳ್ಳವ್ವನಿಗೆ ಹೊಳೆಯ ಮೇಲೆ ಒಂದು ಹೊಸ ಸಂಕ, ಅಂದರೆ ಮರದ ಕಾಲುಸೇತುವೆ, ಬೇಕಾಗಿತ್ತು. ಹೊಳೆಕೇರಿಯವರು ಗೆಡ್ಡೆ ಗೆಣಸಿಗೆ ಹೊಳೆ ದಾಟಲೇಬೇಕು. ದಾಟಲು ಇದ್ದದ್ದು ಒಂದು ಹಳೆಯ ಮರದ ದಿಮ್ಮಿ. ಅದು ಕೊಳೆತು ಲಡ್ಡಾಗಿ, ಪಾಚಿ ಕಟ್ಟಿತ್ತು. ಹೋದ ಮಳೆಗಾಲದಲ್ಲಿ ಮುಳ್ಳವ್ವನ ಯಜಮಾನ ಅದರ ಮೇಲೆ ಜಾರಿದ. ಮತ್ತೆ ಮನೆಗೆ ಬರಲಿಲ್ಲ. ಅವಳು ಆ ಮಾತನ್ನು ಯಾರೆದುರೂ ಆಡುತ್ತಿರಲಿಲ್ಲ. ಆದರೆ ಈ ಮಳೆಗಾಲಕ್ಕೆ ಅವಳ ಎರಡು ಮರಿಗಳೂ ಹೊಳೆ ದಾಟುವಷ್ಟು ದೊಡ್ಡವಾಗಿದ್ದವು.

ನರಿಯಣ್ಣನ ಆಸೆ ಬೇರೆ. ತನ್ನ ಗವಿಯ ನೆತ್ತಿಯ ಮೇಲೆ ಒಂದು ಅಟ್ಟಣೆ ಏಳಬೇಕು, ಬಿಸಿಲಿಗೆ ನೆರಳಾಗಬೇಕು, ಗಾಳಿ ಬೀಸಬೇಕು. ಹಾಗೆಂದು ಹೇಳಿದರೆ ಯಾರು ಒಪ್ಪುತ್ತಾರೆ? ಅದಕ್ಕೆ "ಕಾವಲು ಅಟ್ಟಣೆ" ಎಂದು ಹೆಸರಿಟ್ಟ. ಕೋಣಜ್ಜನ ಬಳಿ ಹೋಗಿ, ಕತ್ತಲಾದ ಮೇಲೆ ನಮ್ಮ ಕೇರಿಯ ಹಕ್ಕಿಗಳಿಗೆ ಕಣ್ಣು ಕಾಣುವುದಿಲ್ಲ ಪಾಪ, ಸಭೆ ನಡುಮಧ್ಯಾಹ್ನಕ್ಕೆ ಇರಲಿ ಎಂದ. ಅಜ್ಜನಿಗೆ ಅದು ನ್ಯಾಯವೆಂದೇ ತೋರಿತು. ಇರುಳೆಲ್ಲ ಮೇಯುವ ಹೊಳೆಕೇರಿಯವರಿಗೆ ನಡುಮಧ್ಯಾಹ್ನವೇ ನಡುರಾತ್ರಿ ಎಂಬುದು ಅವನಿಗೆ ಹೊಳೆಯಲಿಲ್ಲ.

ಸಭೆ ಸೇರಿತು. ನರಿಯಣ್ಣ ಎದ್ದು ನಿಂತು, ಜೋಗುಳ ಹಾಡುವವನಂತೆ ಮೆಲ್ಲಗೆ, ಉದ್ದಕ್ಕೆ ಮಾತಾಡಿದ. ಕಾಡ್ಗಿಚ್ಚು ಬಂದರೆ ಎಂದ. ಬೇಟೆಗಾರ ಬಂದರೆ ಎಂದ. ಮುಳ್ಳವ್ವ ಕಣ್ಣು ಅರಳಿಸಿ ಕೂತಿದ್ದಳು. ಸ್ವಲ್ಪ ಹೊತ್ತಿಗೆ ರೆಪ್ಪೆ ಭಾರವಾಯಿತು. ಆಮೇಲೆ ತಲೆ ತೂಗಿತು. ಮನೆಯಲ್ಲಿ ಮರಿಗಳು ಪಕ್ಕದಲ್ಲಿ ಮಲಗಿ ಕತೆ ಹೇಳುತ್ತಿದ್ದರೆ ಅವಳು ನಿದ್ದೆಯಲ್ಲೇ ಹೂಂಗುಟ್ಟುವುದು ವಾಡಿಕೆ. ನರಿಯಣ್ಣನಿಗೆ ಅದು ಗೊತ್ತಿತ್ತು.

"ಅಟ್ಟಣೆ ಆಗಲಿ. ಏನಂತೀಯ, ಮುಳ್ಳವ್ವ?"

"ಹೂಂ," ಎಂದಳು ಮುಳ್ಳವ್ವ, ಕನಸಿನಲ್ಲಿ.

ಸಭೆ ಗೊಳ್ಳೆಂದಾಗ ಅವಳಿಗೆ ಎಚ್ಚರವಾಯಿತು. ಅಂದದ್ದು ಅಂದದ್ದೇ ಎಂದ ಕೋಣಜ್ಜ. ಆಮೇಲೆ ಮೆಲ್ಲಗೆ, "ಹಸಿ ಹೂಂ ತಾನೆ, ಮಗಳೇ. ಮುಂದಿನ ಸಭೆಗೆ ಎಚ್ಚರವಾಗಿ ಬಾ," ಎಂದು ಸೇರಿಸಿದ.

ಅವಳು ಕೇರಿಗೆ ಬರುವ ಮೊದಲೇ ಸುದ್ದಿ ಬಂದಿತ್ತು. ಪಕ್ಕದ ಬಿಲದ ಚಿಪ್ಪುಹಂದಿ ತಲೆ ಹೊರಗೆ ಹಾಕಿದ. "ಏನಕ್ಕ, ನಮ್ಮ ಸಂಕವನ್ನು ದಿಂಬು ಮಾಡಿಕೊಂಡು ಮಲಗಿದೆಯಂತೆ?" ಎಂದು ಕೇಳಿದ. ಮುಳ್ಳವ್ವ ನೆಟ್ಟಗೆ ಹೊಳೆಯ ದಡಕ್ಕೆ ಹೋಗಿ ಆ ದಿಮ್ಮಿಯನ್ನು ಬಹಳ ಹೊತ್ತು ನೋಡಿದಳು.

ಎರಡನೆಯ ಸಭೆಗೆ ಅವಳು ಉದುರಿದ ತನ್ನದೇ ಮುಳ್ಳೊಂದನ್ನು ತಂದು, ನೆಲಕ್ಕೆ ನೆಟ್ಟು, ಅದರ ಪಕ್ಕಕ್ಕೆ ಒತ್ತಿಕೊಂಡು ಕೂತಳು. ತಲೆ ತೂಗಿದಾಗಲೆಲ್ಲ ಮುಳ್ಳು ಚುರ್ರೆನ್ನುತ್ತಿತ್ತು. ನರಿಯಣ್ಣ ಅದನ್ನು ನೋಡಿ ಮನಸ್ಸಿನಲ್ಲೇ ನಕ್ಕ. ಈ ಸಲ ಅವನ ಹತ್ತಿರ ಬೇರೆ ಉಪಾಯವಿತ್ತು. ಅವನು ಒಂದು ಹಲಸು ಉರುಳಿಸಿಕೊಂಡು ಬಂದಿದ್ದ. ಅದು ಅರ್ಧ ಮಾತ್ರ ಹಣ್ಣಾಗಿತ್ತು. ಸೀಳಿದರೆ ಮೇಣ ಹಾಲಿನಂತೆ ಸುರಿಯುತ್ತಿತ್ತು. ಅದನ್ನು ತಿಂದರೆ ತುಟಿಗೆ ತುಟಿ ಅಂಟುವುದು ಖಂಡಿತ. ತುಟಿ ಅಂಟಿದವರ ಬಾಯಲ್ಲಿ ಬರುವ ಮಾತು ಒಂದೇ, ಹೂಂ.

"ಹೊಟ್ಟೆ ಹಸಿದುಕೊಂಡು ಬಂದಿದ್ದೀಯ, ಮುಳ್ಳವ್ವ. ಮೊದಲು ಎರಡು ತೊಳೆ ತಿನ್ನು," ಎಂದ.

ಮುಳ್ಳವ್ವನಿಗೆ ಹಲಸೆಂದರೆ ಪ್ರಾಣ. ಅದಕ್ಕೇ ಹಲಸಿನ ಸಂಗತಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಮ್ಮೆ ಮೂಸಿದಳು. ತಲೆ ಬಾಗಿಸಿ ವಿನಯದಿಂದ ಹೇಳಿದಳು.

"ತಂದವರು ಬಾಯಿಗೆ ಹಾಕದ ಹಣ್ಣನ್ನು ನಮ್ಮ ಕೇರಿಯಲ್ಲಿ ಮುಟ್ಟುವ ಪದ್ಧತಿಯಿಲ್ಲ, ನರಿಯಣ್ಣ. ಮೊದಲ ತೊಳೆ ನಿನ್ನದು."

ಒಳ್ಳೆಯ ಪದ್ಧತಿ ಎಂದು ಕೋಣಜ್ಜ ತಲೆದೂಗಿದ. ಎಲ್ಲರ ಕಣ್ಣೂ ನರಿಯಣ್ಣನ ಮೇಲೆ. ತಿನ್ನದಿದ್ದರೆ ಗುಟ್ಟು ರಟ್ಟು, ತಿಂದರೆ ಬಾಯಿ ಬಂದ್. ಅವನು ಇರುವುದರಲ್ಲೇ ಚಿಕ್ಕ ತೊಳೆಯನ್ನು ಆರಿಸಿ ಬಾಯಿಗೆ ಹಾಕಿಕೊಂಡ. ಮೇಣಕ್ಕೆ ಚಿಕ್ಕದು ದೊಡ್ಡದು ಎಂಬ ಭೇದವಿಲ್ಲ.

ಆಗ ಮುಳ್ಳವ್ವ ಎದ್ದು ನಿಂತಳು. ದಿಮ್ಮಿ ಎಲ್ಲೆಲ್ಲಿ ಲಡ್ಡಾಗಿದೆ, ಎಲ್ಲಿ ಕಾಲು ಜಾರುತ್ತದೆ ಎಂದು ಒಂದೊಂದಾಗಿ ಹೇಳಿದಳು.

"ದಿಬ್ಬದಿಂದ ಯಾರೂ ಇದುವರೆಗೆ ಹೊಳೆಗೆ ಬಿದ್ದಿಲ್ಲ. ನಮ್ಮ ಕೇರಿಯಿಂದ ಬಿದ್ದಿದ್ದಾರೆ. ಆನೆಯಕ್ಕನ ದಿನ ಸಂಕಕ್ಕೆ ಹೋಗಲಿ. ನಮ್ಮದು ಹೂಂ. ದಿಬ್ಬದ ಕೇರಿಯದು?"

ನರಿಯಣ್ಣ "ಉಹೂಂ" ಎನ್ನಲು ಹೋದ. "ಉ" ಮೇಣಕ್ಕೆ ಅಂಟಿಕೊಂಡಿತು. "ಹೂಂ" ಮಾತ್ರ ಹೊರಗೆ ಬಂತು. ಗಾಬರಿಯಾಗಿ ತಲೆಯನ್ನು ಅತ್ತಿತ್ತ ಆಡಿಸಿದ. ಆ ಸೀಮೆಯಲ್ಲಿ ತಲೆಯನ್ನು ಅತ್ತಿತ್ತ ಆಡಿಸಿದರೂ ಆಗಲಿ ಎಂದೇ ಅರ್ಥ.

"ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಅನ್ನಪ್ಪ," ಎಂದ ಕೋಣಜ್ಜ, ಕಿವಿ ಮುಂದೆ ಮಾಡಿ.

"ಹೂಂ! ಹೂಂ! ಹೂಂ!"

"ಒಂದು ಕೇಳಿದರೆ ಮೂರು ಕೊಟ್ಟ. ಧಾರಾಳಿ," ಎಂದು ಅಜ್ಜ ಗೊರಸು ಕುಟ್ಟಿಯೇ ಬಿಟ್ಟ.

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮುಳ್ಳವ್ವ ಹೊಂಗೆಯ ಬೀಜ ಜಜ್ಜಿ ಎಣ್ಣೆ ತೆಗೆದು ನರಿಯಣ್ಣನ ತುಟಿಗೆ ತಾನೇ ಹಚ್ಚಿದಳು. ಬಾಯಿ ಬಿಟ್ಟಿತು. ಆದರೆ ಅಜ್ಜ ಗೊರಸು ಕುಟ್ಟಿ ಆಗಿತ್ತು. ಇನ್ನು ಸಭೆ ಮುಸ್ಸಂಜೆಗೆ, ಹಗಲಿನವರೂ ಇರುಳಿನವರೂ ಎಚ್ಚರವಿರುವ ಹೊತ್ತಿಗೆ, ಎಂದು ಅಂದೇ ನಿಶ್ಚಯವಾಯಿತು.

ಆನೆಯಕ್ಕ ಎರಡು ಗಟ್ಟಿ ಮತ್ತಿಮರಗಳನ್ನು ಜೋಡಿಸಿ ಸಂಕ ಹಾಕಿದಳು. ಮಳೆ ಹಿಡಿಯಿತು. ಹೊಳೆ ಕೆಂಪಾಗಿ ಉಕ್ಕಿತು. ಮುಳ್ಳವ್ವ ಮರಿಗಳನ್ನು ಮುಂದೆ ಬಿಟ್ಟು, ಹಿಂದೆ ತಾನು ನಡೆದು, ಹೊಳೆ ದಾಟಿದಳು. ನಡುವೆ ಒಂದು ಕ್ಷಣ ನಿಂತು ನೀರನ್ನು ನೋಡಿದಳು. ಮತ್ತೆ ಮುಂದೆ ನಡೆದಳು.

ಎದುರು ದಡದಲ್ಲಿ ಏಡಿ ಹಿಡಿಯಲು ಹೊರಟ ನರಿಯಣ್ಣ ಸಂಕ ಹತ್ತಲು ಕಾಯುತ್ತಿದ್ದ.

"ಸಂಕ ಗಟ್ಟಿಯಾಗಿದೆಯಾ, ನರಿಯಣ್ಣ?" ಎಂದಳು ಮುಳ್ಳವ್ವ.

ನರಿಯಣ್ಣ ಬಾಲ ಮುದುರಿಕೊಂಡು, ಬಾಯಿ ತೆರೆಯದೆ ಹೇಳಿದ. "ಹೂಂ."

ನೀತಿ: ಎಲ್ಲರ ಸೊತ್ತಿನ ತೀರ್ಮಾನವಾಗುವಾಗ ಎಚ್ಚರವಾಗಿದ್ದು ಮಾತಾಡಬೇಕು. ಇನ್ನೊಬ್ಬರ ಬಾಯಿ ಕಟ್ಟಲು ಹೊರಟವನ ಬಾಯಿ ತಾನೇ ಕಟ್ಟಿಹೋಗುತ್ತದೆ.