ಬಿಗಿಯಾಗಿ ಅಪ್ಪಿಕೊಂಡ ಕೋಶ

ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ, ದೇಹ ಕಾಯುವ ಸೈನಿಕರಾಗಲು ಬಂದ ಎಳೆಯ ಜೀವಕೋಶಗಳಿಗೆ ಪರೀಕ್ಷೆ ನಡೆದಿತ್ತು. ಗ್ರಂಥಿಯ ಅಜ್ಜಿ ಆ ದೇಹದ್ದೇ ಒಂದು ತುಣುಕನ್ನು ಮುಂದೆ ಹಿಡಿದು, "ಮುಟ್ಟು" ಎನ್ನುತ್ತಿದ್ದಳು. ಸಾಲಿನಲ್ಲಿ ನಿಂತ ಒಂದು ಕೋಶಕ್ಕೆ ತನ್ನೊಳಗಿನ ವಂಶವಾಹಿಯೇ ಧೈರ್ಯ. "ನನ್ನ ದನಿ ಇರುವವರೆಗೂ ನಿನಗೆ ಸಾವಿಲ್ಲ" ಎಂದು ಅದು ಮಾತು ಕೊಟ್ಟಿತ್ತು.

ಮುಂದಿದ್ದ ಕೋಶ ತುಣುಕನ್ನು ಸವರಿ, "ಇದು ಯಾರೋ, ಗುರುತೇ ಸಿಗಲಿಲ್ಲ" ಎಂದಿತು. ಅದರ ವಂಶವಾಹಿ ಸುಮ್ಮನಾಯಿತು. ಅದು ನಿಂತಲ್ಲೇ ಮುದುಡಿ ಸತ್ತಿತು.

ನಮ್ಮ ಕೋಶಕ್ಕೆ ದಿಗಿಲಾಯಿತು. ಗುರುತಿಸದಿದ್ದರೆ ಸಾವು, ಹಾಗಾದರೆ ಹಿಡಿದದ್ದನ್ನು ಬಿಡಲೇಬಾರದು ಎಂದುಕೊಂಡು, ಸರದಿ ಬಂದೊಡನೆ ತುಣುಕನ್ನು ಬಲವಾಗಿ ಅಪ್ಪಿಕೊಂಡಿತು. ಒಳಗಿನ ದನಿ ತಡವರಿಸತೊಡಗಿತು.

"ಮಾತಾಡು, ಮಾತಾಡು!" ಎಂದು ಕೋಶ ಅದನ್ನು ಅಂಗಲಾಚಿತು. "ಅಜ್ಜಿ, ಇದೆಂಥ ಪರೀಕ್ಷೆ? ಗುರುತು ಸಿಗದ ಗೆಳೆಯನೂ ಸತ್ತ, ಅಪ್ಪಿಕೊಂಡ ನಾನೂ ಸಾಯಬೇಕೆ? ನನಗೊಂದೂ ತಿಳಿಯುತ್ತಿಲ್ಲ."

ಅಷ್ಟರಲ್ಲಿ ಹಿಂದಿದ್ದ ಕೋಶ ತುಣುಕನ್ನು ಮೆಲ್ಲಗೆ ಮುಟ್ಟಿ, "ನಮ್ಮವರೇ" ಎಂದು ಕೈಬಿಟ್ಟು ಮುಂದೆ ನಡೆಯಿತು.

"ನಾನೂ ನಮ್ಮವರೆಂದೇ ಅಪ್ಪಿಕೊಂಡೆನಲ್ಲ, ಅಜ್ಜಿ! ಅಕ್ಕರೆಯೂ ತಪ್ಪೇ?"

"ಮಗು, ಹೊರಗೆ ಹೋದ ಮೇಲೆ ನಿನ್ನ ಕೆಲಸವೇನು, ಯಾರಾದರೂ ಹೇಳಿದ್ದಾರೆಯೇ?"

"ಇಲ್ಲ."

"ಬಿಗಿಯಾಗಿ ಹಿಡಿದದ್ದನ್ನು ಕೊಲ್ಲುವುದು."

ಕೋಶ ತನ್ನ ತೆಕ್ಕೆಯಲ್ಲಿದ್ದ ತುಣುಕನ್ನು ನೋಡಿತು. ಆಮೇಲೆ ಒಳಗಿನ ದನಿಯನ್ನು ಮಾತಾಡೆಂದು ಅದು ಕೇಳಲಿಲ್ಲ.