ಉರುಳಿಹೋದ ನಿಂಬೆಹಣ್ಣು

“ಗುರುಗಳೇ, ಭಯಪಡುವವನೇ ತನ್ನವರನ್ನು ಚೆನ್ನಾಗಿ ಕಾಯುತ್ತಾನೆ, ಅಲ್ಲವೇ?” ಎಂದು ಶಿಷ್ಯ ಕೇಳಿದ.

ಅವನಿಗೆ ಏಳು ವರ್ಷದ ಮಗನಿದ್ದ. ಮುಳುಗಿಯಾನೆಂದು ಈಜು ಕಲಿಸಿರಲಿಲ್ಲ, ರಸ್ತೆಗೆ ಓಡಿಯಾನೆಂದು ಗೇಟಿಗೆ ಬೀಗ ಹಾಕಿಸಿದ್ದ. ಇಷ್ಟು ಮಾಡಿದ್ದರಿಂದಲೇ ಹುಡುಗ ಕ್ಷೇಮವಾಗಿದ್ದಾನೆ ಎಂಬ ಹೆಮ್ಮೆ ಆ ಪ್ರಶ್ನೆಯಲ್ಲಿತ್ತು. ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ಅವನಿಗೆ ಒಬ್ಬಳೇ ಮಗಳು, ಹೆಸರು ಸುರಗಿ, ಆರು ವರ್ಷ. ಒಮ್ಮೆ ಅವನು ಹೆದ್ದಾರಿಯಲ್ಲಿ ಬರುವಾಗ ಒಂದು ಚಿಕ್ಕ ಕಾರು ಲಾರಿಗೆ ಸಿಕ್ಕಿ ನುಜ್ಜುಗುಜ್ಜಾಗಿ ಬಿದ್ದಿದ್ದನ್ನು ಕಣ್ಣಾರೆ ಕಂಡ. ರಸ್ತೆಯ ಮೇಲೆ ಒಂದು ಪುಟ್ಟ ಚಪ್ಪಲಿ ಇತ್ತು. ಅವನದೂ ಅಂಥದೇ ಚಿಕ್ಕ ಕಾರು. ಅಂದಿನಿಂದ ಅವನಿಗೆ ಅನ್ನ ರುಚಿಸಲಿಲ್ಲ. ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿದಾಗಲೆಲ್ಲ ಬೆಲ್ಟನ್ನು ಎರಡೆರಡು ಸಲ ಎಳೆದು ನೋಡುತ್ತಿದ್ದ. ಕೊನೆಗೆ, ಯಾವ ಲಾರಿ ಗುದ್ದಿದರೂ ಜಗ್ಗದಂಥ ಗಾಡಿ ಕೊಳ್ಳಲೇಬೇಕೆಂದು ನಿಶ್ಚಯಿಸಿದ.

ಅವನ ಅಂಗಡಿಯ ಮುಂದೆ ಪ್ರತಿ ಸಂಜೆ ಕಾರಿನ ಹುಚ್ಚಿನ ಮೂವರು ಸೇರುತ್ತಿದ್ದರು. ಒಬ್ಬ ಔಷಧಿ ಅಂಗಡಿಯವನು, ಒಬ್ಬ ಅಕ್ಕಿ ಗಿರಣಿಯವನು, ಇನ್ನೊಬ್ಬರು ನಿವೃತ್ತ ಬಸ್ ಚಾಲಕರು. ಔಷಧಿ ಅಂಗಡಿಯವನ ಹತ್ತಿರ ಇದ್ದದ್ದು ಒಂದು ಸ್ಕೂಟರ್. ಹಾಗಾಗಿ ಕಾರಿನ ವಿಷಯದಲ್ಲಿ ಅವನಷ್ಟು ತಿಳಿದವರು ಊರಿನಲ್ಲಿರಲಿಲ್ಲ. ಹಿಂದೆ ಡಿಕ್ಕಿ ಇರುವ ಉದ್ದನೆಯ ಕಾರೇ ಕಾರು, ಅದು ನೆಲ ಹಿಡಿದು ಓಡುತ್ತದೆ ಎಂದು ಅವನ ವಾದ. ಎತ್ತರದ ಗಾಡಿಯಲ್ಲಿ ಕೂತರೆ ಆನೆಯ ಮೇಲೆ ಕೂತಂತೆ, ಉಳಿದವೆಲ್ಲ ಕತ್ತೆ ಎಂದು ಗಿರಣಿಯವನ ವಾದ. ಶೋರೂಮಿನಲ್ಲಿ ಹೇಳುವ ಬೆಲೆ ಒಂದು, ಗಾಡಿ ರಸ್ತೆಗಿಳಿಯುವ ಹೊತ್ತಿಗೆ ಆಗುವ ಬೆಲೆ ಇನ್ನೊಂದು ಎಂದು ಇಬ್ಬರೂ ಸೇರಿ ಬೈಯುತ್ತಿದ್ದರು. ಅವರಿಬ್ಬರೂ ಒಪ್ಪುತ್ತಿದ್ದ ಮಾತು ಅದೊಂದೇ. ಬ್ಯಾಟರಿ ಕಾರಿನ ಸುದ್ದಿ ಎದ್ದರಂತೂ ಕೈಯಲ್ಲಿದ್ದ ಚಹಾ ಆರಿಹೋಗುತ್ತಿತ್ತು. ಘಾಟಿಯ ನಡುವೆ ಚಾರ್ಜು ಮುಗಿದರೆ ತಳ್ಳುವವರಾರು ಎಂದು ಒಬ್ಬ ಕೇಳಿದರೆ, ಪೆಟ್ರೋಲಿಗೆ ಸುರಿಯುವ ದುಡ್ಡಿನಲ್ಲಿ ತಳ್ಳುವುದಕ್ಕೆ ಆಳನ್ನೇ ಇಡಬಹುದು ಎಂದು ಇನ್ನೊಬ್ಬ ಹೇಳುತ್ತಿದ್ದ.

ವ್ಯಾಪಾರಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಯಾವುದರಲ್ಲಿ ಕೂರಿಸಿದರೆ ನನ್ನ ಮಗಳಿಗೆ ಏನೂ ಆಗುವುದಿಲ್ಲ? ಪೆಟ್ರೋಲ್ ಹೊತ್ತಿಕೊಳ್ಳುತ್ತದೆ ಎಂದು ಯಾರೋ ಹೇಳಿದರು, ಅವನು ಒಂದು ರಾತ್ರಿ ನಿದ್ದೆಗೆಟ್ಟ. ಬ್ಯಾಟರಿಯೂ ಹೊತ್ತಿಕೊಳ್ಳಬಹುದು ಎಂದು ಔಷಧಿ ಅಂಗಡಿಯವನು ಹೇಳಿದ, ಎರಡು ರಾತ್ರಿ ನಿದ್ದೆಗೆಟ್ಟ. ಹೀಗೆ ಹೆದರಿ ಹೆದರಿ ಕೊನೆಗೆ, ಇದ್ದುದರಲ್ಲೇ ಎತ್ತರದ, ಇದ್ದುದರಲ್ಲೇ ಭಾರದ ಒಂದು ಬ್ಯಾಟರಿ ಗಾಡಿಯನ್ನು ಆರಿಸಿಕೊಂಡ. ಅದರ ಬೆಲೆ ಅವನ ಶಕ್ತಿಗೆ ಮೀರಿದ್ದು. ಆದರೆ ಭಯಕ್ಕೆ ಚೌಕಾಸಿ ಗೊತ್ತಿಲ್ಲ.

ಬಸ್ ಚಾಲಕರು ಅಷ್ಟು ದಿನವೂ ಹೆಚ್ಚು ಮಾತಾಡಿರಲಿಲ್ಲ. ಅಂದು ಒಂದೇ ಮಾತು ಕೇಳಿದರು. “ಸೀಟಲ್ಲಿ ಕೂತ್ರೆ ಮುಂದಿನ ನೆಲ ಎಲ್ಲಿಂದ ಕಾಣುತ್ತೆ?”

ಉಳಿದಿಬ್ಬರು ನಕ್ಕರು. ಅಷ್ಟು ದುಡ್ಡು ಕೊಟ್ಟು ನೆಲ ನೋಡುವವರು ಯಾರು ಎಂದರು. ವ್ಯಾಪಾರಿಯೂ ನಕ್ಕ.

ಶುಕ್ರವಾರ ಬೆಳಿಗ್ಗೆ ಗಾಡಿ ಬಂತು. ಅಂಗಡಿಯ ಮುಂದೆಯೇ ಪೂಜೆ. ಪುರೋಹಿತರು ಅರಿಸಿನ ಕುಂಕುಮ ಹಚ್ಚಿ, ಹಾರ ಹಾಕಿ, ನಾಲ್ಕು ಚಕ್ರಗಳ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟರು. ನಾಲ್ಕೂ ಒಡೆಯಲೇಬೇಕಲ್ಲವೇ, ಒಂದು ಉಳಿದರೂ ಓಡಿಸುವವನಿಗೆ ಕೆಡುಕಲ್ಲವೇ ಎಂದು ವ್ಯಾಪಾರಿ ಅವರನ್ನು ಮೂರು ಸಲ ಕೇಳಿದ. ಮೂರು ಸಲವೂ ಸುರಗಿ ಅವನ ಪಕ್ಕದಲ್ಲೇ ನಿಂತಿದ್ದಳು. ಆಮೇಲೆ ಅವನು ಅವಳನ್ನು ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿ, ಕದಲಬೇಡ ಎಂದು ಹೇಳಿ, ಗಾಡಿ ಹತ್ತಿದ. ಬಾಗಿಲು ಭದ್ರ ಮಾಡಿದ, ಬೆಲ್ಟು ಬಿಗಿದ, ಗಾಜು ಏರಿಸಿದ. ಅಷ್ಟೆತ್ತರದಿಂದ ಇಡೀ ಪೇಟೆ ಕಾಣುತ್ತಿತ್ತು. ಬೀದಿಯ ಆ ತುದಿಯಲ್ಲಿ ಒಂದು ಲಾರಿ ತಿರುಗುತ್ತಿತ್ತು. ಅವನ ಕಣ್ಣು ಅದರ ಮೇಲೆಯೇ ನೆಟ್ಟಿತು.

ಪುರೋಹಿತರು ಅವನ ಬದಿಯ ಕಿಟಕಿಯ ಪಕ್ಕ ನಿಂತು, ಮುಂದೆ ಬಿಡಿ ಎಂದು ಕೈ ಬೀಸಿದರು. ಗೆಳೆಯರಿಬ್ಬರು ಹಿಂದೆ ನಿಂತು, ಹಿಂಭಾಗದಲ್ಲಿ ಎಷ್ಟು ಚೀಲ ಹಿಡಿಯುತ್ತದೆ ಎಂದು ವಾದಿಸುತ್ತಿದ್ದರು. ವ್ಯಾಪಾರಿ ಮೆಲ್ಲಗೆ ಕಾಲು ಒತ್ತಿದ. ಗಾಡಿ ಒಂದಿಷ್ಟೂ ಸದ್ದಿಲ್ಲದೆ ಕದಲಿತು. ಚಕ್ರದಡಿ ಏನೋ ಮೆತ್ತಗೆ ಒಡೆದದ್ದು ಅವನ ಪಾದಕ್ಕೆ ತಿಳಿಯಿತು. ಒಂದು ಕೆಡುಕು ಕಳೆಯಿತು ಎಂದುಕೊಂಡ.

ಆಗ ಬಸ್ ಚಾಲಕರು ಎದುರಿನಿಂದ ಓಡಿಬಂದು ಎರಡೂ ಅಂಗೈಯಿಂದ ಬಾನೆಟ್ಟಿಗೆ ಬಡಿದರು. ಅವನು ಬ್ರೇಕ್ ಒತ್ತಿದ. ಹೊಸ ಗಾಡಿಗೆ ಹೀಗೆ ಬಡಿಯುವುದೇ ಎಂದು ಒಂದು ಕ್ಷಣ ಸಿಟ್ಟು ಬಂತು. ಗಾಜು ಇಳಿಸಿದ.

“ಗಾಡಿ ಅಲ್ಲಾಡಿಸ್ಬೇಡಿ,” ಎಂದರು ಚಾಲಕರು. “ಹಾಗೇ ಇಳೀರಿ.”

ವ್ಯಾಪಾರಿ ಮೆಟ್ಟಿಲ ಕಡೆ ನೋಡಿದ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಚಕ್ರದಡಿ ಮೆತ್ತಗೆ ಒಡೆದದ್ದು ಏನು ಎಂಬ ಯೋಚನೆ ಆಗ ಬಂತು. ಬೆಲ್ಟು ಬಿಚ್ಚಲು ಕೈ ಓಡಲಿಲ್ಲ, ಬಾಗಿಲು ಯಾವ ಕಡೆ ತೆರೆಯುತ್ತದೆಂದು ತೋಚಲಿಲ್ಲ. ಹೇಗೋ ಇಳಿದ. ಅಲ್ಲಿಂದ ಆಚೆ ಬದಿಯ ಮುಂದಿನ ಚಕ್ರಕ್ಕೆ ಆರು ಹೆಜ್ಜೆ. ಅವನು ಬದುಕಿನಲ್ಲಿ ಅಷ್ಟು ದೂರ ನಡೆದಿರಲಿಲ್ಲ. ನಡೆಯುವಾಗ ಅವನ ಕಣ್ಣೆದುರು ಹೆದ್ದಾರಿಯ ಆ ಪುಟ್ಟ ಚಪ್ಪಲಿಯೇ ಇತ್ತು. ನೋಡುವುದಕ್ಕೆ ಮುಂಚೆ ಸತ್ತರೆ ಸಾಕು ಎಂದುಕೊಂಡ.

ಸುರಗಿ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಅವಳ ಲಂಗದ ಅಂಚು ಚಕ್ರದಡಿ ಸಿಕ್ಕಿತ್ತು. ಚಕ್ರಕ್ಕೂ ಅವಳ ಕಾಲ ಬೆರಳಿಗೂ ನಡುವೆ ನಾಲ್ಕು ಬೆರಳು ಜಾಗವಿತ್ತು. ಒಡೆದದ್ದು ಈಚೆ ಬದಿಯ ನಿಂಬೆಹಣ್ಣು. ಆಚೆಯದು ಅವಳ ಕೈಯಲ್ಲಿತ್ತು.

“ಇದು ಉರುಳಿ ಹೋಗಿತ್ತಪ್ಪ,” ಎಂದಳು. “ಒಡೀದಿದ್ರೆ ನಿಂಗೇನಾದ್ರೂ ಆಗುತ್ತಲ್ಲ, ಅದಕ್ಕೆ ತಿರುಗಿ ಇಡೋಕೆ ಬಂದೆ. ನಂಗೆ ತುಂಬ ಭಯ ಆಯ್ತು.”

ಅವನು ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತ. ಕೂತಾಗ ಮಾತ್ರ ಅವನಿಗೆ ಅವಳ ಮುಖ ಕಾಣಿಸಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, “ಸದ್ಯ, ಮಗು ಉಳಿಯಿತಲ್ಲ,” ಎಂದ.

“ನಿನ್ನ ಮಗನ ಕೈಯಲ್ಲಿ ಯಾವ ನಿಂಬೆಹಣ್ಣಿದೆ, ಬಗ್ಗಿ ನೋಡಿದ್ದೀಯಾ?” ಎಂದರು ಗುರುಗಳು.