ಸೂಲಗಿತ್ತಿಯ ಕೈ

"ಗುರುಗಳೇ, ಗುರುವಿನ ಮಾತನ್ನು ಶಿಷ್ಯ ಯಾವಾಗ ಮೀರಬಹುದು?"

ಶಿಷ್ಯ ಹೀಗೆ ಕೇಳಲು ಕಾರಣವಿತ್ತು. ಮಠದ ಎತ್ತಿನ ಕಾಲು ಊದಿಕೊಂಡಿತ್ತು. ದಿನಾ ಶಾಖ ಕೊಡು ಎಂದು ಗುರುಗಳು ಹೇಳಿದ್ದರು. ಊತಕ್ಕೆ ಶಾಖ ಕೊಡಬಾರದು ಎಂದು ಅವನು ಎಲ್ಲೋ ಓದಿದ್ದ. ಹಾಗಾಗಿ ಮೂರು ದಿನದಿಂದ ಕೊಟ್ಟಿಗೆಯ ಕಡೆಗೇ ಸುಳಿದಿರಲಿಲ್ಲ.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಪಾಳೆಯಗಾರನ ಮನೆತನಕ್ಕೆ ಒಬ್ಬ ಶಸ್ತ್ರವೈದ್ಯನಿದ್ದ. ಅವನ ಅಪ್ಪ, ಅಜ್ಜ ಇಬ್ಬರೂ ಅದೇ ಮನೆಯಲ್ಲಿ ಚಾಕು ಹಿಡಿದವರು. ಬಾಣದ ಮೊನೆ ಕೀಳುವುದು, ಕತ್ತಿಯ ಗಾಯ ಹೊಲಿಯುವುದು ಅವರ ಕೆಲಸ. ಮೂರು ತಲೆಮಾರು ಆ ಮನೆಯ ಉಪ್ಪು ತಿಂದರೂ ಒಳಮನೆಯ ಹೆಂಗಸರನ್ನು ಅವರು ಕಂಡಿರಲಿಲ್ಲ.

ಪಾಳೆಯಗಾರನ ಸೊಸೆ ಹೆತ್ತಳು. ಹನ್ನೆರಡನೆಯ ದಿನ ಅವಳ ಎಡ ಮೊಲೆ ಕಲ್ಲಿನಂತಾಗಿ ಒಳಗೆ ಕೀವು ಕಟ್ಟಿತು. ಮೂರು ದಿನ ಜ್ವರ ಇಳಿಯಲಿಲ್ಲ. ನಾಲ್ಕನೆಯ ದಿನ ಅವಳಿಗೆ ತನ್ನ ಕೂಸಿನ ಗುರುತೂ ಹತ್ತಲಿಲ್ಲ. ಇಂದೇ ಕೊಯ್ದು ಕೀವು ತೆಗೆಯದಿದ್ದರೆ ಜೀವ ಉಳಿಯದು ಎಂದು ವೈದ್ಯ ಹೇಳಿದ. ಗಂಡಸು ಪರದೆ ದಾಟುವಂತಿಲ್ಲ ಎಂದು ಪಾಳೆಯಗಾರ ಹೇಳಿದ. ಆ ಮನೆಯಲ್ಲಿ ಸೊಸೆಗಿಂತ ಪರದೆ ದೊಡ್ಡದು.

ಕೊನೆಗೆ ಒಂದು ಏರ್ಪಾಡಾಯಿತು. ವೈದ್ಯ ಪರದೆಯ ಹೊರಗೆ ಕುಳಿತು ಹೇಳಬೇಕು, ಒಳಗೆ ಸೂಲಗಿತ್ತಿ ಕೊಯ್ಯಬೇಕು. ಪಾಳೆಯಗಾರ ಕತ್ತಿ ಹಿರಿದು ನಿಂತ. ಸೊಸೆ ಸತ್ತರೆ ಚಾಕು ಹಿಡಿದ ಕೈಯನ್ನು ಕಡಿಸುತ್ತೇನೆ ಎಂದ. ವೈದ್ಯನ ಕೈಯಲ್ಲಿ ಚಾಕು ಇರಲಿಲ್ಲ.

ಎಲ್ಲಿ ಹೆಚ್ಚು ಕೆಂಪಾಗಿದೆ ಎಂದು ವೈದ್ಯ ಕೇಳಿದ. ಮೇಲ್ಭಾಗದಲ್ಲಿ ಎಂದಳು ಸೂಲಗಿತ್ತಿ. ಅಲ್ಲೇ ಅರ್ಧ ಬೆರಳಿನಷ್ಟು ಆಳ ಕೊಯ್ಯಿ ಎಂದ. ಅವಳು ಬೆರಳಿಟ್ಟು ಒತ್ತಿ ನೋಡಿದಳು. ಮೇಲೆ ಬರೀ ಗಟ್ಟಿ. ಕೆಳಗೆ, ತೋಳಿನ ಕಡೆ, ಒಂದು ಜಾಗ ಬೆರಳಿನಡಿಯಲ್ಲಿ ನೀರು ತುಂಬಿದ ಚೀಲದಂತೆ ಅಲುಗಿತು.

"ಅಯ್ಯಾ, ಕೀವು ಕೆಳಗಿದೆ."

"ಹೊಕ್ಕುಳಬಳ್ಳಿ ಕೊಯ್ಯುವವಳು ನನಗೆ ಪಾಠ ಹೇಳಬೇಡ. ಹೇಳಿದಲ್ಲಿ ಕೊಯ್ಯಿ."

ಹೊರಗೆ ಕತ್ತಿಯ ತುದಿ ನೆಲಕ್ಕೆ ತಾಗಿದ ಸದ್ದು ಕೇಳಿಸಿತು. ಬಾಣಂತಿಗೆ ಮೇಲುಸಿರು ಬರುತ್ತಿತ್ತು. ಸೂಲಗಿತ್ತಿ ವಾದ ಮಾಡಲಿಲ್ಲ. ಆಯಿತು ಅಯ್ಯಾ ಎಂದಳು. ಹೇಳಿದಷ್ಟೇ ಆಳ ಕೊಯ್ದಳು, ಹೇಳಿದ ಜಾಗದಲ್ಲಿ ಅಲ್ಲ.

ಒಂದು ಕೂಗು ಎದ್ದಿತು. ಆಮೇಲೆ ಸದ್ದಿಲ್ಲ. ಪಾಳೆಯಗಾರ ಪರದೆಯ ಅಂಚು ಹಿಡಿದು ನಿಂತ. ಸರಿಸಲೂ ಇಲ್ಲ, ಬಿಡಲೂ ಇಲ್ಲ. ಬಹಳ ಹೊತ್ತಾದ ಮೇಲೆ ಒಳಗಿನಿಂದ ನೀರು ಕೇಳುವ ದನಿ ಬಂತು. ಸಂಜೆಯ ಹೊತ್ತಿಗೆ ಜ್ವರ ಇಳಿದು, ಕೂಸೆಲ್ಲಿ ಎಂದು ಬಾಣಂತಿ ಕೇಳಿದಳು.

ಪಾಳೆಯಗಾರ ವೈದ್ಯನಿಗೆ ಶಾಲು ಹೊದಿಸಿದ.

ಮರುದಿನ ಸೂಲಗಿತ್ತಿ ಹಿತ್ತಿಲಲ್ಲಿ ಬಾಣಂತಿಯ ಬಟ್ಟೆ ಒಗೆಯುತ್ತಿದ್ದಳು. ವೈದ್ಯ ಶಾಲು ಹೊದ್ದುಕೊಂಡೇ ಅಲ್ಲಿಗೆ ಬಂದ. ನಾನು ಹೇಳಿದಲ್ಲೇ ಕೊಯ್ದೆ ತಾನೇ ಎಂದು ಕೇಳಿದ.

"ಇಲ್ಲ ಅಯ್ಯಾ. ಕಡಿಸಿದ್ದರೆ ಹೋಗುವ ಕೈ ನನ್ನದಾಗಿತ್ತು. ಅದು ಹೇಳಿದ್ದನ್ನು ಕೇಳಿದೆ."

ವೈದ್ಯ ಶಾಲು ತೆಗೆದು, ಮಡಿಸಿ, ಅವಳ ಪಕ್ಕದ ಕಟ್ಟೆಯ ಮೇಲಿಟ್ಟು ಹೊರಟುಹೋದ.

ಶಿಷ್ಯನ ಮುಖ ಅರಳಿತು. ಹಾಗಾದರೆ ನಾನು ನಿಮ್ಮ ಮಾತು ಮೀರಿದ್ದರಲ್ಲಿ ತಪ್ಪೇನಿಲ್ಲ ಎಂದ.

ಗುರುಗಳು ಹೇಳಿದರು: "ಅವಳ ಕೈ ಹುಣ್ಣಿನ ಮೇಲಿತ್ತು, ಈ ಮೂರು ದಿನ ನಿನ್ನ ಕೈ ಎಲ್ಲಿತ್ತು?"